ಕೆನ್ನೆಯೊಳಗಿನ ತೊಗಲು

ಉಪ್ಪಿನಬೆಟಗೇರಿಯ ಗುರುಸಿದ್ದಯ್ಯನವರ ಮನೆಯಲ್ಲಿ ಮಗುವಿಗೆ ಎರೆಯುವ ಕೆಲಸ ಒಬ್ಬರದೇ ಆಗಿತ್ತು. ಅದು ಅವರ ತಾಯಿ ದಾನವ್ವನವರದು. ಮೊಮ್ಮಗ ಶಿವಯೋಗೀಶನಿಗೆ ನಾಲ್ಕು ತುಂಬಿದ್ದರೂ ಅವರೇ ಬಚ್ಚಲಿನ ಬಾಗಿಲು ಹಾಕಿಕೊಂಡು ಎರೆಯುತ್ತಿದ್ದರು, ಅವರೇ ಮೈ ಒರೆಸುತ್ತಿದ್ದರು, ಅವರೇ ಹಣೆಗೆ ವಿಭೂತಿ ಹಚ್ಚಿ ಚಡ್ಡಿ ಹಾಕಿ ಹೊರಗೆ ಬಿಡುತ್ತಿದ್ದರು. ಓಣಿಯ ಮಕ್ಕಳೆಲ್ಲ ಬರಿಮೈಯಲ್ಲಿ ಓಡಾಡುವ ವಯಸ್ಸಿನಲ್ಲೂ ಈ ಮಗು ಚಡ್ಡಿ ಇಲ್ಲದೆ ಹೊಸ್ತಿಲು ದಾಟಿದ್ದಿಲ್ಲ. ಜಂಗಮರ ಮನೆ, ಅವರ ಆಚಾರವೇ ಹೀಗಿರಬೇಕು ಎಂದು ಊರವರು ತಿಳಿದಿದ್ದರು.

ಅದು ಆಚಾರವಲ್ಲ, ಅಂಜಿಕೆ. ಹುಟ್ಟಿದಾಗಲೇ ಮಗುವಿನ ಶಿಶ್ನ ಕೆಳಕ್ಕೆ ಬಾಗಿತ್ತು. ಮೂತ್ರ ಬರುವ ರಂಧ್ರ ತುದಿಯಲ್ಲಿ ಇರಲಿಲ್ಲ. ಕೆಳಗೆ, ಬೀಜದ ಚೀಲದ ಹತ್ತಿರ ಇತ್ತು. ಮಗು ಕುಳಿತೇ ಮೂತ್ರ ಮಾಡಬೇಕು. ನಿಂತರೆ ತೊಡೆಯ ಮೇಲೆ ಹರಿದು ಚಡ್ಡಿ ತೊಯ್ಯುತ್ತಿತ್ತು. ಹೆರಿಗೆ ಮಾಡಿಸಿದ ಮುದುಕಿ, ದೊಡ್ಡವನಾದಂತೆ ತಾನೇ ಸರಿಯಾಗುತ್ತದೆ ಎಂದು ಹೇಳಿ ಹೋಗಿದ್ದಳು. ಮಗು ದೊಡ್ಡದಾಯಿತು, ತೊಂದರೆ ಹಾಗೇ ಉಳಿಯಿತು.

ಅಂಗನವಾಡಿಗೆ ಕಳಿಸಿದರೆ ಎಂಟೇ ದಿನಕ್ಕೆ ಮಕ್ಕಳು ಅವನಿಗೆ ಹುಡುಗಿಯ ಹೆಸರಿಟ್ಟು ಕರೆಯತೊಡಗಿದರು. ದಾನವ್ವ ಅಂದೇ ಅವನನ್ನು ಎತ್ತಿಕೊಂಡು ಬಂದರು, ಮತ್ತೆ ಕಳಿಸಲಿಲ್ಲ. ಮುಂದಿನ ವರ್ಷ ಶಾಲೆಗೆ ಹಾಕಬೇಕು. ಹಾಕುವುದು ಹೇಗೆ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅದು ಸೊಸೆ ರಾಜೇಶ್ವರಿಯ ಮೇಲೆ ಬಂದು ನಿಲ್ಲುತ್ತಿತ್ತು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವಳು ಈಳಿಗೆ ಮುಟ್ಟಿದ್ದಳು, ಅದಕ್ಕೇ ಹೀಗಾಯಿತು ಎಂಬುದು ದಾನವ್ವನವರ ನಂಬಿಕೆ. ರಾಜೇಶ್ವರಿ ಎದುರಾಡುತ್ತಿರಲಿಲ್ಲ. ದಿನಕ್ಕೆ ನಾಲ್ಕೈದು ಸಲ ಸಣ್ಣ ಸಣ್ಣ ಚಡ್ಡಿಗಳನ್ನು ಒಗೆದು ಹಿತ್ತಲಿನ ಹಗ್ಗಕ್ಕೆ ಹಾಕುತ್ತಿದ್ದಳು.

ಆ ಹಗ್ಗವನ್ನು ನೋಡಿದವರು ಪಕ್ಕದ ಮನೆಯ ಶಹಜಹಾನಬೇಗಂ. ಅವರ ಗಂಡ ಖಾಜಾಸಾಬ ಊರಲ್ಲಿ ಬಟ್ಟೆ ಹೊಲಿಯುವವರು. ಒಂದು ಸಂಜೆ ದಾನವ್ವ ಎಂದಿನಂತೆ ಮಠಕ್ಕೆ ಪುರಾಣ ಕೇಳಲು ಹೋದಾಗ, ಬೇಗಂ ಹಿತ್ತಲಿನ ಗೋಡೆಯ ಆಚೆಯಿಂದಲೇ ರಾಜೇಶ್ವರಿಯನ್ನು ಕರೆದರು.

“ರಾಜೇಶ್ವರಿ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ. ಹುಡುಗ ಕುಂತ ಹೊಯ್ತಾನೇನು?”

ರಾಜೇಶ್ವರಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ನಿಮಗೆ ಯಾರು ಹೇಳಿದರು ಎಂದು ಕೇಳಿದಳು.

“ಯಾರೂ ಹೇಳಿಲ್ಲವ್ವಾ. ನಮ್ಮ ಹಗ್ಗದ ಮ್ಯಾಲೂ ಒಂದು ಕಾಲದಾಗ ಹಿಂಗ ಚಡ್ಡಿ ಒಣಗತಿದ್ವು.”

ಬೇಗಂ ತಮ್ಮ ಮಗ ಮಕ್ತುಮನ ಕಥೆಯನ್ನು ಅಲ್ಲೇ ನಿಂತು ಹೇಳಿದರು. ಅವನಿಗೂ ಇದೇ ತೊಂದರೆ ಇತ್ತು. ಇಂಥ ಮಕ್ಕಳಿಗೆ ಮುಂದೊಗಲು ಸುತ್ತಲೂ ಬೆಳೆದಿರುವುದಿಲ್ಲ, ಮೇಲ್ಗಡೆ ಮಾತ್ರ ಮುಸುಕಿನಂತೆ ಇರುತ್ತದೆ. ಅದನ್ನು ನೋಡಿ ಮನೆಯ ಹಿರಿಯರು, ಹುಟ್ಟುವಾಗಲೇ ಸುನ್ನತಿ ಮಾಡಿಸಿಕೊಂಡು ಬಂದಿದ್ದಾನೆ, ಪುಣ್ಯವಂತ ಎಂದು ಸಕ್ಕರೆ ಹಂಚಿದ್ದರು. ಆಮೇಲೆ ಉಳಿದ ತೊಗಲೂ ಇರಬಾರದೆಂದು ಸುನ್ನತಿ ಮಾಡುವವರನ್ನು ಕರೆಸಿ ತೆಗೆಸಿಬಿಟ್ಟಿದ್ದರು. ಮುಂದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲು ಕೇಳಿದ್ದೇ ಆ ತೊಗಲನ್ನು.

“ಬೆಳಿಯೂ ಹುಡುಗರ ಅಂಗಿಗೆ ಒಳಗ ಬಟ್ಟಿ ಮಡಚಿ ಬಿಟ್ಟಿರತಾರ ನೋಡು, ಮುಂದ ಬಿಚ್ಚಿ ಉದ್ದ ಮಾಡಾಕ. ದೇವರು ಹಂಗ ಒಂದು ಮಡಿಕಿ ಬಿಟ್ಟಿದ್ದ. ನಾವು ಅದನ್ನ ಕತ್ತರಿಸಿ ಒಗದ್ವಿ. ಮನ್ಯಾಗ ದರ್ಜಿ ಇದ್ದೂ ತಿಳೀಲಿಲ್ಲ.”

ಹಾಗಾದರೆ ಮಕ್ತುಮನಿಗೆ ಏನು ಮಾಡಿದರು ಎಂದು ರಾಜೇಶ್ವರಿ ಕೇಳಿದಳು. ಕೆನ್ನೆಯ ಒಳಗಿನ ತೊಗಲನ್ನು ಸ್ವಲ್ಪ ತೆಗೆದು ಅಲ್ಲಿ ಕೂಡಿಸಿ, ಹೊಸ ಮೂತ್ರನಾಳ ಮಾಡಿದರು ಎಂದರು ಬೇಗಂ. ಎರಡು ಸಲ ಆಪರೇಷನ್ ಆಯಿತು. ಒಂದು ಕಡೆ ಸಣ್ಣಗೆ ಸೋರುತ್ತಿತ್ತು, ಅದಕ್ಕೆ ಇನ್ನೊಂದು ಸಲ ಹೊಲಿಗೆ ಬಿತ್ತು. ಈಗ ಹೈಸ್ಕೂಲಿಗೆ ಹೋಗುತ್ತಾನೆ, ಎಲ್ಲರ ಜೊತೆ ಕಬಡ್ಡಿ ಆಡುತ್ತಾನೆ, ಯಾರಿಗೂ ಏನೂ ಗೊತ್ತಿಲ್ಲ.

ಅಂದು ರಾಜೇಶ್ವರಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗುರುಸಿದ್ದಯ್ಯ, ಹುಬ್ಬಳ್ಳಿಗೆ ಹೋಗಿ ಬರೋಣ ಎಂದರು. ಆದರೆ ದಾನವ್ವ ಒಪ್ಪಲಿಲ್ಲ. ಕತ್ತಿ ಹಾಕಿಸಿಕೊಂಡು ಇನ್ನಷ್ಟು ಕೆಟ್ಟರೆ ಯಾರು ಹೊಣೆ ಎಂದರು. ಅದಕ್ಕೂ ಅವರು ಒಪ್ಪುತ್ತಿದ್ದರೇನೋ. ಆದರೆ ಕೆನ್ನೆಯ ತೊಗಲಿನ ಮಾತು ಕೇಳಿದ ಮೇಲೆ ಎದ್ದೇ ನಿಂತರು.

ದಾನವ್ವನವರಿಗೆ ಬಾಯಿ ಎಂದರೆ ಸಣ್ಣ ವಸ್ತುವಲ್ಲ. ಅಕ್ಷರ ಕಲಿತವರಲ್ಲ ಅವರು; ಕಿವಿಯಿಂದ ಕೇಳಿ ಬಾಯಲ್ಲಿ ಉಳಿಸಿಕೊಂಡವರು. ಬೀಸುವಾಗ, ಕುಟ್ಟುವಾಗ, ಕಸ ತೆಗೆಯುವಾಗ ಅವರ ತುಟಿಯ ಮೇಲೆ ಶರಣರ ನುಡಿ ಇದ್ದೇ ಇರುತ್ತಿತ್ತು. ಮೊಮ್ಮಗನಿಗೂ ಸಾಲು ಸಾಲಾಗಿ ಕಲಿಸುತ್ತಿದ್ದರು. ಮಗುವಿನ ಮೈಯಲ್ಲಿ ಅವರು ಕಣ್ಣು ತಪ್ಪಿಸದೆ ನೋಡಿದ ಜಾಗ ಅದೊಂದೇ, ಬಾಯಿ.

ಮರುದಿನ ಬೇಗಂ ತಾವೇ ಮನೆಗೆ ಬಂದರು. ದಾನವ್ವ ಜೋಳ ಹಸನು ಮಾಡುತ್ತ ತಲೆ ಎತ್ತದೆ ಮಾತನಾಡಿದರು.

“ಶಿವನಾಮ ನುಡಿಯೂ ಬಾಯಿ ಅದು, ತೀರ್ಥ ತಗೊಳ್ಳೂ ಬಾಯಿ. ಅದರ ತೊಗಲು ಒಯ್ದು ಅಲ್ಲೆ ಹಚ್ಚತಾರಂದ್ರ ಏನ ಹೇಳೂದು? ನಾಳೆ ಅದೂ ಮಾತಾಡಾಕ ಸುರು ಮಾಡೀತು.”

“ಮಾತಾಡಂಗಿಲ್ರಿ ಅಮ್ಮಾರ,” ಎಂದರು ಬೇಗಂ. “ನೆಟ್ಟಗ ಉಚ್ಚಿ ಹೊಯ್ತೈತಿ, ಅಷ್ಟ.”

ದಾನವ್ವನವರಿಗೆ ನಗು ಬಂತು. ಮೊರ ಅಡ್ಡ ಹಿಡಿದರು. ಆಮೇಲೆ, ನಿನ್ನ ಮಗನನ್ನು ಕರೆ ಎಂದರು. ಮಕ್ತುಮ ಬಂದು ನಿಂತ. ದಾನವ್ವ ಅವನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಬಾಯಿ ತೆರೆಸಿ, ಎತ್ತಿನ ಹಲ್ಲು ನೋಡುವವರಂತೆ ಬಗ್ಗಿ ನೋಡಿದರು. ಕೆನ್ನೆಯ ಒಳಗೆ ತೆಳ್ಳಗೆ ಬಿಳಿ ಗೆರೆಯೊಂದು ಇತ್ತು, ಬೇರೇನೂ ಇರಲಿಲ್ಲ. ಹದಿನೇಳರ ಮಗ್ಗಿ ಹೇಳು ಎಂದರು. ಹುಡುಗ ಎಲ್ಲೂ ತಡವರಿಸದೆ ಹೇಳಿದ. ಇಪ್ಪತ್ತರದು ಎಂದರು. ಅದು ಎಲ್ಲರಿಗೂ ಬರತೈತ್ರಿ ಅಮ್ಮಾರ ಎಂದು ಅವನು ನಾಚಿಕೊಂಡು ಓಡಿಹೋದ.

ಹೀಗೆ ಮನೆಯವರೆಲ್ಲ ಹುಬ್ಬಳ್ಳಿಗೆ ಹೊರಟರು. ಇದು ಎರಡು ಸಾವಿರದ ಎರಡನೆಯ ಇಸವಿಯ ಮಾತು.

ಮಕ್ಕಳ ಆಪರೇಷನ್ ಮಾಡುವ ಡಾಕ್ಟರಬಾಯಿ ಮಗುವನ್ನು ಪರದೆಯ ಹಿಂದೆ ಮಲಗಿಸಿ ನಿಧಾನವಾಗಿ ನೋಡಿದರು. ಎರಡೂ ಬೀಜ ಚೀಲದೊಳಗೆ ಇವೆಯೇ ಎಂದು ಪರೀಕ್ಷಿಸಿದರು, ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಎಲ್ಲ ನೋಡಿ, ಇವನು ಗಂಡು ಮಗುವೇ, ಅದರಲ್ಲಿ ಸಂಶಯ ಬೇಡ ಎಂದರು. ಈ ತೊಂದರೆಗೆ ಹೈಪೋಸ್ಪೇಡಿಯಾಸ್ ಎನ್ನುತ್ತಾರೆ. ತಾಯಿಯ ಹೊಟ್ಟೆಯಲ್ಲಿ ಮಗುವಿನ ಅಂಗ ಬೆಳೆಯುವಾಗ ಮೂತ್ರನಾಳ ಪೂರ್ತಿ ಮುಚ್ಚಿಕೊಳ್ಳದೆ ಅರ್ಧಕ್ಕೆ ನಿಲ್ಲುತ್ತದೆ. ಕೆಲವರಿಗೆ ರಂಧ್ರ ತುದಿಗೆ ಹತ್ತಿರದಲ್ಲೇ ಇರುತ್ತದೆ, ಅವರಿಗೆ ಆಪರೇಷನ್ ಸಣ್ಣದು. ಶಿವಯೋಗೀಶನಿಗೆ ಬಹಳ ಕೆಳಗಿತ್ತು, ಬಾಗೂ ಹೆಚ್ಚಿತ್ತು. ಮೇಲಿನ ಮುಂದೊಗಲು ಒಂದೇ ಸಾಲುವುದಿಲ್ಲ, ಕೆನ್ನೆಯ ಒಳಗಿನದೂ ಸ್ವಲ್ಪ ಬೇಕು ಎಂದರು.

ದಾನವ್ವ ಇದಕ್ಕೇ ಕಾದಿದ್ದರು. ಮೈಮೇಲೆ ಇಷ್ಟು ತೊಗಲು ಇರುವಾಗ ಬಾಯಿಯದೇ ಏಕೆ ಎಂದು ಕೇಳಿದರು.

“ತೊಡಿ ತೊಗಲು ಹಚ್ಚಿದ್ರ ಮುಂದ ಅದರಾಗ ಕೂದಲಾ ಬರ್ತಾವ ಅಮ್ಮಾರ,” ಎಂದರು ಡಾಕ್ಟರಬಾಯಿ. “ನಾಳದಾಗ ದಿನಾ ಒದ್ದಿ ಇರತದ. ಗಲ್ಲದ ಒಳಗಿನ ತೊಗಲು ಹುಟ್ಟಿದಾಗಿಂದ ಒದ್ದ್ಯಾಗ ಇದ್ದದ್ದು. ಅದಕ್ಕ ಆ ರೂಢಿ ಅದ. ತಗದ ಜಾಗಾನೂ ಲಗೂ ಮಾಯತದ. ಮಾತಿಗೆ, ಊಟಕ್ಕ ಏನೂ ಆಗೂದಿಲ್ಲ.”

ದಾನವ್ವ ಹೊರಗೆ ಬಂದ ಮೇಲೆ, ಆಗಲಿ ಎಂದಷ್ಟೇ ಅಂದರು. ಒಪ್ಪಿಗೆ ಬಾಯಲ್ಲಿ ಇತ್ತು, ಮನಸ್ಸಿನಲ್ಲಿ ಇನ್ನೂ ಒಂದು ಮುಳ್ಳು ಉಳಿದಿತ್ತು.

ಆಪರೇಷನ್ನಿನ ಹಿಂದಿನ ದಿನ ಮಗುವನ್ನು ವಾರ್ಡಿಗೆ ಸೇರಿಸಿದರು. ನರ್ಸ್ ಕಾವೇರಿ ಬಂದು, ರಾತ್ರಿ ಊಟವಾದ ಮೇಲೆ ಮಗುವಿಗೆ ತಿನ್ನಲು ಏನೂ ಕೊಡಬಾರದು, ನೀರನ್ನೂ ಕೇಳದೆ ಕುಡಿಸಬಾರದು ಎಂದು ಹೇಳಿ ಹೋದಳು. ರಾಜೇಶ್ವರಿ ಚೀಲದಲ್ಲಿದ್ದ ಬಿಸ್ಕತ್ತನ್ನು ಗಂಡನ ಕೈಗೆ ಕೊಟ್ಟು ಹೊರಗೆ ಕಳಿಸಿದಳು.

ಬೆಳಗಾಯಿತು. ದಾನವ್ವ ಮಿಂದು ಬಂದು ವಾರ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಲಿಂಗಪೂಜೆ ಮುಗಿಸಿದರು. ರಾಜೇಶ್ವರಿ ಮುಖ ತೊಳೆಯಲು ಹೋಗಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಈ ಮಗುವಿನ ಬಾಯಿಗೆ ಕತ್ತಿ ತಾಗುತ್ತದೆ, ಅದರ ತೊಗಲು ಎಲ್ಲೋ ಹೋಗುತ್ತದೆ. ಅದಕ್ಕೆ ಮೊದಲು ಆ ಬಾಯಿಗೆ ತೀರ್ಥ ಬೀಳಲಿ, ಪ್ರಸಾದ ಬೀಳಲಿ, ಆಮೇಲೆ ಶಿವನ ಇಚ್ಛೆ ಎಂದುಕೊಂಡರು. ತೀರ್ಥ ಹಾಕಿದರು. ಲಿಂಗಕ್ಕೆ ತೋರಿಸಿದ ಬಾಳೆಹಣ್ಣಿನಲ್ಲಿ ಅರ್ಧ ಮುರಿದು ಸಕ್ಕರೆ ಹಚ್ಚಿ ತಿನ್ನಿಸಿದರು. ನರ್ಸಿನ ಮಾತು ಮರೆತಿರಲಿಲ್ಲ. ಆದರೆ ಪ್ರಸಾದ ಊಟವಲ್ಲವಲ್ಲ. ಶಿವರಾತ್ರಿಯ ಉಪವಾಸದಲ್ಲೂ ಪ್ರಸಾದ ತೆಗೆದುಕೊಂಡವರ ಉಪವಾಸ ಮುರಿಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಕಾವೇರಿ ಬಂದು ಮಗುವಿನ ಉಡಿದಾರ ಬಿಚ್ಚಿಸಿ ಹಸಿರು ಅಂಗಿ ತೊಡಿಸಿದಳು. ಏನಾದರೂ ತಿಂದಿದ್ದಾನೆಯೇ ಎಂದು ಕೇಳಿದಳು. ಇಲ್ಲ ಎಂದಳು ರಾಜೇಶ್ವರಿ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ದಾನವ್ವ ಕೇಳಿಸಿಕೊಂಡು ಸುಮ್ಮನಿದ್ದರು. ಅವರ ಲೆಕ್ಕದಲ್ಲಿ ಅದು ಸುಳ್ಳಾಗಿರಲಿಲ್ಲ.

ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಮಗುವಿಗೆ ನಿದ್ದೆ ಬರಿಸುವ ಡಾಕ್ಟರು ಅವನನ್ನು ಮಲಗಿಸಿದ್ದ ಗಾಡಿಯನ್ನು ನಿಲ್ಲಿಸಿ ಅದೇ ಪ್ರಶ್ನೆ ಕೇಳಿದರು. ಎಷ್ಟು ಸಲ ಕೇಳುತ್ತೀರಿ ಎಂದು ಗುರುಸಿದ್ದಯ್ಯನವರಿಗೆ ಬೇಸರವಾಯಿತು.

“ಹತ್ತು ಸಲ ಕೇಳತೇನ್ರಿ,” ಎಂದರು ಡಾಕ್ಟರು, ಸಿಟ್ಟಿಲ್ಲದೆ. “ಔಷಧದ ನಿದ್ದ್ಯಾಗ ಕೂಸಿಗೆ ಕೆಮ್ಮಾಕೂ ಬರೂದಿಲ್ಲ. ಹೊಟ್ಟ್ಯಾಗಿಂದು ಮ್ಯಾಲೆ ಬಂದು ಉಸರಿನ ನಳಿಗ್ಯಾಗ ಇಳೀತಂದ್ರ ಜೀವಕ್ಕ ಅಪಾಯ. ಒಂದು ಚೂರು ತಿಂದಿದ್ರೂ ಹೇಳ್ರಿ. ಬಯ್ಯೂದಿಲ್ಲ.”

ರಾಜೇಶ್ವರಿ ಮತ್ತೆ ಇಲ್ಲ ಎಂದಳು. ಕಾವೇರಿ ಬಾಗಿಲು ತೆರೆದಳು, ಗಾಡಿ ಒಳಕ್ಕೆ ಹೊರಳಿತು. ಆಗ ದಾನವ್ವ ಗಾಡಿಯ ಕಂಬಿ ಹಿಡಿದರು.

“ಪ್ರಸಾದ ನಡೀತೈತೆಲ್ರಿ?”

ಡಾಕ್ಟರು ತಿರುಗಿ ನೋಡಿದರು. ಏನು ಪ್ರಸಾದ ಎಂದು ಕೇಳಿದರು.

“ಬಾಳಿಹಣ್ಣು. ಅರ್ಧ. ಮುಂಜಾನೆ ಪೂಜಿ ಆದ ಮ್ಯಾಲ ಕೊಟ್ಟೇನಿ.”

ಡಾಕ್ಟರು ಗಾಡಿಯನ್ನು ತಾವೇ ಹೊರಗೆ ಎಳೆದು ಗೋಡೆಯ ಬದಿಗೆ ನಿಲ್ಲಿಸಿದರು.

“ನಿಮಗ ಅದು ಪ್ರಸಾದ ಅದ ಅಮ್ಮಾರ, ನಾ ಇಲ್ಲ ಅನ್ನೂದಿಲ್ಲ. ಆದ್ರ ಕೂಸಿನ ಹೊಟ್ಟಿಗೆ ಅದು ಬಾಳಿಹಣ್ಣು. ಇವತ್ತು ಆಪರೇಷನ್ ಬ್ಯಾಡ. ಈಗ ಹೇಳಿದ್ರಿ, ಛಲೋ ಆತು.”

ಗುರುಸಿದ್ದಯ್ಯನವರ ಮುಖ ಕಪ್ಪಿಟ್ಟಿತು. ತಾಯಿಯ ಮೇಲೆ ಎಂದೂ ಏರಿಸದ ದನಿಯನ್ನು ಅಂದು ಏರಿಸಲು ಹೊರಟರು. ನಾಲ್ಕು ವರ್ಷ ಅತ್ತೆಯ ಮಾತು ಕೇಳಿ ಕೇಳಿ ಸವೆದಿದ್ದ ರಾಜೇಶ್ವರಿ ನಡುವೆ ಬಂದಳು.

“ಅತ್ತಿಯಾರು ಹೇಳಿದ್ರಲ್ರಿ. ಹೇಳದ ಇದ್ದಿದ್ರ?”

ಗುರುಸಿದ್ದಯ್ಯ ಹಿಂದಕ್ಕೆ ಸರಿದರು. ರಾಜೇಶ್ವರಿ ಮಗುವನ್ನು ಎತ್ತಿ ಅತ್ತೆಯ ತೊಡೆಯ ಮೇಲೆ ಕೂಡಿಸಿದಳು. ಮಗು, ಇನ್ನರ್ಧ ಹಣ್ಣು ಎಲ್ಲಿ ಎಂದು ಕೇಳುತ್ತಿತ್ತು.

ಆ ಮಧ್ಯಾಹ್ನ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಅತ್ತೆ ಸೊಸೆ ಚಹಾ ಕುಡಿಯುತ್ತ ಕುಳಿತಿದ್ದರು. ಡಾಕ್ಟರಬಾಯಿ ಊಟಕ್ಕೆ ಹೋಗುವವರು ನಿಂತು, ಮುಂದಿನ ವಾರಕ್ಕೆ ಮತ್ತೆ ದಿನ ಕೊಟ್ಟಿದ್ದೇವೆ, ಹೆದರಬೇಡಿ ಎಂದರು. ದಾನವ್ವ ಅವರನ್ನು ತಡೆದು ಗ್ರಹಣದ ಮಾತು ಕೇಳಿದರು. ಈಳಿಗೆ ಮುಟ್ಟಿದ್ದಕ್ಕೆ ಹೀಗಾಗುತ್ತದೆಯೇ? ಡಾಕ್ಟರಬಾಯಿ ಇಲ್ಲ ಎಂದರು. ಗ್ರಹಣದಿಂದ ಅಲ್ಲ, ತಾಯಿ ಏನೋ ತಿಂದದ್ದರಿಂದ ಅಲ್ಲ, ಯಾರ ಪಾಪದಿಂದಲೂ ಅಲ್ಲ. ಕೆಲವು ಮನೆತನಗಳಲ್ಲಿ ಮತ್ತೆ ಕಾಣಿಸುವುದುಂಟು. ಹೆಚ್ಚಿನವರಿಗೆ ಕಾರಣವೇ ಸಿಗುವುದಿಲ್ಲ.

ಅವರು ಹೋದ ಮೇಲೆ ದಾನವ್ವ ತಮ್ಮ ಕಪ್ಪಿನಲ್ಲಿ ಉಳಿದ ಚಹಾವನ್ನು ಸೊಸೆಯ ಕಪ್ಪಿಗೆ ಬಗ್ಗಿಸಿದರು. “ಆ ಈಳಿಗಿ ಮಾತು ನಾ ಇನ್ನ ಎತ್ತಂಗಿಲ್ಲ,” ಎಂದರು. ರಾಜೇಶ್ವರಿ ಚಹಾ ಕುಡಿದಳು.

ಮುಂದಿನ ವಾರ ಆ ದಿನ ದಾನವ್ವ ಪೂಜೆ ಮಾಡಿದರು, ಪ್ರಸಾದವನ್ನು ಎಲೆಯಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡರು. ಡಾಕ್ಟರು ಕೇಳುವ ಮೊದಲೇ, ತೀರ್ಥವನ್ನೂ ಕೊಟ್ಟಿಲ್ಲ, ಬೇಕಾದರೆ ಬಾಯಿ ತೆರೆಸಿ ನೋಡಿ ಎಂದರು. ಕೂಸಿನ ಬಾಯಿ ನೋಡುವುದು ಇನ್ನು ನಮ್ಮ ಕೆಲಸ ಎಂದು ಡಾಕ್ಟರು ನಕ್ಕು ಗಾಡಿಯನ್ನು ಒಳಗೆ ಒಯ್ದರು.

ಅಂದಿನ ಆಪರೇಷನ್ನಿನಲ್ಲಿ ಬಾಗಿದ್ದನ್ನು ನೆಟ್ಟಗೆ ಮಾಡಿ, ಕೆನ್ನೆಯ ಒಳಗಿನ ತೊಗಲನ್ನು ಕೆಳಭಾಗದಲ್ಲಿ ಹಾಸಿ ಹೊಲಿದರು. ಮೂತ್ರ ಹೋಗಲು ತೆಳ್ಳನೆಯ ನಳಿಗೆ ಇಟ್ಟು ಪಟ್ಟಿ ಕಟ್ಟಿದರು. ಮಗುವಿನ ಕೆನ್ನೆ ಬಾತಿತ್ತು. ಎರಡು ದಿನ ತಣ್ಣಗಿನ ಹಾಲು, ಮೆತ್ತಗೆ ಕಲಸಿದ ಮೊಸರನ್ನ. ಮೂರನೆಯ ದಿನ ಅವನು ರೊಟ್ಟಿ ಕೇಳಿದ. ಕೊಡಲಿಲ್ಲವೆಂದು ಅತ್ತ. ಅಳುವ ದನಿ ವಾರ್ಡಿನ ಕೊನೆಯವರೆಗೂ ಸ್ಪಷ್ಟವಾಗಿ ಕೇಳುವುದನ್ನು ನೋಡಿ ದಾನವ್ವ, ಬಾಯಿ ಚೆನ್ನಾಗಿದೆ ಎಂದು ಸಮಾಧಾನಪಟ್ಟರು. ಒಂದು ವಾರಕ್ಕೆ ಪಟ್ಟಿ ಬಿಚ್ಚಿದಾಗ ಹಾಸಿದ ತೊಗಲು ಕೆಂಪಗೆ, ಜೀವ ಹಿಡಿದು ಕೂತಿತ್ತು.

ಆರು ತಿಂಗಳು ಕಾಯಬೇಕಾಯಿತು. ತೊಗಲು ಚೆನ್ನಾಗಿ ಬೇರೂರಿ ಮೆತ್ತಗಾದ ಮೇಲೆ ಅದನ್ನೇ ಸುರುಳಿಯಂತೆ ಮಡಚಿ ನಾಳ ಮಾಡುವುದು ಎರಡನೆಯ ಆಪರೇಷನ್. ಅದಕ್ಕೂ ಹೋದರು. ಆಗ ಊರಿಂದ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದವರು ಶಹಜಹಾನಬೇಗಂ. ವಾರ್ಡಿನಲ್ಲಿ ಅಳುತ್ತ ಕುಳಿತಿದ್ದ ಇನ್ನೊಬ್ಬ ತಾಯಿಗೆ ದಾನವ್ವನೇ ಧೈರ್ಯ ಹೇಳುತ್ತಿದ್ದರು. ಏನೂ ತಿನ್ನಿಸಿಲ್ಲವಷ್ಟೆ, ಪ್ರಸಾದವನ್ನೂ ಕೊಟ್ಟಿಲ್ಲವಷ್ಟೆ ಎಂದು ಎರಡೆರಡು ಸಲ ಕೇಳುತ್ತಿದ್ದರು.

ನಳಿಗೆ ತೆಗೆದ ದಿನ ಡಾಕ್ಟರಬಾಯಿ ಮಗುವಿಗೆ ಚೆನ್ನಾಗಿ ನೀರು ಕುಡಿಸಿ ನಿಲ್ಲಿಸಿದರು. ಮಗು ರೂಢಿಯಂತೆ ಕುಕ್ಕರಗಾಲಲ್ಲಿ ಕೂರಲು ಹೋಯಿತು. ನಿಂತೇ ಮಾಡು ಎಂದರು. ಅವನು ಅಪ್ಪನ ಮುಖ ನೋಡಿದ. ಆಮೇಲೆ ಧಾರೆ ಬಂತು, ಮೊದಲು ಸಣ್ಣಗೆ, ಆಮೇಲೆ ನೆಟ್ಟಗೆ. ಚಡ್ಡಿಗೆ ಒಂದು ಹನಿ ಬೀಳಲಿಲ್ಲ. ಬಿದ್ದದ್ದೆಲ್ಲ ಗುರುಸಿದ್ದಯ್ಯನವರ ಧೋತರದ ಅಂಚಿಗೆ. ಅವರು ಅಲ್ಲಿಂದ ಸರಿಯಲಿಲ್ಲ.

“ಆಯೀ, ದೂರ ಹೋತು ನೋಡು,” ಎಂದ ಶಿವಯೋಗೀಶ.

“ನೋಡಿದೆನಪ್ಪಾ,” ಎಂದರು ದಾನವ್ವ. ಈ ಸಲ ಅವರು ಮುಖ ತಿರುಗಿಸಿರಲಿಲ್ಲ.

ಜೂನಿನಲ್ಲಿ ಅವನು ಶಾಲೆಗೆ ಹೋದ. ಡಾಕ್ಟರು ಹೇಳಿದ ದಿನಗಳಲ್ಲಿ ಆಮೇಲೂ ಕರೆದುಕೊಂಡು ಹೋಗಿ ತೋರಿಸಿಕೊಂಡು ಬರುತ್ತಿದ್ದರು, ಏಕೆಂದರೆ ಮಗು ಬೆಳೆದಂತೆ ಹೊಸ ನಾಳವೂ ಸರಿಯಾಗಿ ಬೆಳೆಯುತ್ತಿದೆಯೇ ಎಂದು ನೋಡುತ್ತಿರಬೇಕು.

ಓದುತ್ತಿರುವ ತಾಯಂದಿರೇ, ಯಾರೋ ಓದಿದ್ದನ್ನು ಕೇಳುತ್ತ ಕುಳಿತ ಹಿರಿಯರೇ, ಇದು ಒಂದು ಮನೆಯ ಮಾತಲ್ಲ. ಇಂಥ ಮಕ್ಕಳು ಪ್ರತಿಯೊಂದು ತಾಲೂಕಿನಲ್ಲಿ ಇದ್ದಾರೆ. ನಿಮ್ಮ ಗಂಡು ಮಗುವಿನ ಮೂತ್ರದ ರಂಧ್ರ ತುದಿಯಲ್ಲಿ ಇಲ್ಲದಿದ್ದರೆ, ಅಂಗ ಕೆಳಕ್ಕೆ ಬಾಗಿದ್ದರೆ, ಮುಂದೊಗಲು ಮೇಲ್ಗಡೆ ಮಾತ್ರ ಇದ್ದರೆ, ದೊಡ್ಡವನಾಗಲಿ ಎಂದು ಕಾಯಬೇಡಿ. ಸುನ್ನತಿಯ ಪದ್ಧತಿ ಇರುವ ಮನೆಯವರು ಡಾಕ್ಟರಿಗೆ ತೋರಿಸದೆ ಸುನ್ನತಿ ಮಾಡಿಸಬೇಡಿ. ಆ ತೊಗಲು ಮುಂದೆ ಬೇಕಾಗುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಆಪರೇಷನ್ ಆದರೆ ಒಳ್ಳೆಯದು, ಆ ವಯಸ್ಸು ದಾಟಿದ್ದರೂ ಕೈಬಿಡಬೇಡಿ. ಒಂದೇ ಸಲಕ್ಕೆ ಮುಗಿಯದೆ ಎರಡು, ಮೂರು ಸಲ ಹೋಗಬೇಕಾದರೆ ಹೋಗಿ. ಹೆತ್ತವಳನ್ನು ದೂರಬೇಡಿ.

ಮಕ್ಕಳ ಆಪರೇಷನ್ ಮಾಡುವ ಡಾಕ್ಟರು ಇರುವ ಆಸ್ಪತ್ರೆ ಎಲ್ಲಿದೆ ಎಂದು ನಿಮ್ಮೂರಿನ ನರ್ಸಬಾಯಿಯನ್ನು ಕೇಳಿ. ಮಗುವನ್ನು ಎತ್ತಿಕೊಂಡು ಹೊರಡಿ. ಅಲ್ಲಿ ಅವರು ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಉಳಿದದ್ದನ್ನು ಅವರೂ ದೇವರೂ ನೋಡಿಕೊಳ್ಳುತ್ತಾರೆ.